ಔಷಧದ ಷೇರು ಮತ್ತು ನನ್ನ ಹದಿನಾಲ್ಕು ಕಪ್ಪುಗಳು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಹದಿನಾಲ್ಕು ಬಹುಮಾನದ ಕಪ್ಪು ಗೆದ್ದವನು. ವಿಷಯದ ಪರವಾಗಿ ಏಳು, ವಿರೋಧವಾಗಿ ಏಳು. ಹೊಳಲ್ಕೆರೆಯ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಅವು ಸಾಲಾಗಿ ನಿಂತಿದ್ದವು. ಯಾವ ಕಡೆ ನಿಂತರೂ ಗೆಲ್ಲಬಲ್ಲೆ ಎಂಬುದನ್ನು ನಾನು ಬಹುಕಾಲ ಸದ್ಗುಣವೆಂದೇ ತಿಳಿದಿದ್ದೆ.

ಕೊರೊನಾದ ಮೊದಲ ಬೇಸಿಗೆ. ನಾನು ಪಾಠ ಮಾಡುವ ಶಾಲೆ ಮುಚ್ಚಿತ್ತು, ವಾದಿಸಲು ಜನರಿರಲಿಲ್ಲ. ಹೆಂಡತಿ ಗಿರಿಜಾ ಹಗಲೆಲ್ಲ ಕಾಲಲ್ಲಿ ತುಳಿಯುವ ಹಳೆಯ ಯಂತ್ರದಲ್ಲಿ ಮಾಸ್ಕ್ ಹೊಲಿಯುತ್ತಿದ್ದಳು. ಬಸ್ ನಿಲ್ದಾಣದ ಹತ್ತಿರ ಮಳಿಗೆ ಹಿಡಿದು, ಮೋಟಾರಿನ ಯಂತ್ರ ಇಟ್ಟು, ತನ್ನ ಹೆಸರಿನ ಬೋರ್ಡು ಹಾಕಬೇಕೆಂಬುದು ಅವಳ ಹತ್ತು ವರ್ಷದ ಆಸೆ. ಲಾಕ್‌ಡೌನ್ ಮುಗಿದೊಡನೆ ಮುಂಗಡ ಕೊಡಲು ಹಣ ಕೂಡಿಟ್ಟಿದ್ದಳು. ಖಾತೆ ಇಬ್ಬರ ಹೆಸರಿನಲ್ಲಿತ್ತು. ಸ್ತ್ರೀ ಸಮಾನತೆಯ ತತ್ವಕ್ಕನುಗುಣವಾಗಿ ನಾನೇ ಹಾಗೆ ಮಾಡಿಸಿದ್ದೆ.

ಆಗ ಫೋನಿನಲ್ಲಿ ಒಂದು ಔಷಧ ಕಂಪನಿ ನನ್ನ ಕಣ್ಣಿಗೆ ಬಿತ್ತು. ಜಗತ್ತಿಗೇ ಕಾಯಿಲೆ. ಕಾಯಿಲೆಗೆ ಔಷಧ ಬೇಕು. ಈ ಕಂಪನಿ ಔಷಧ ತಯಾರಿಸುತ್ತದೆ. ಆದರೂ ಅದರ ಷೇರು ಒಂದು ಮಸಾಲೆ ದೋಸೆಯ ಬೆಲೆಗೆ ಸಿಗುತ್ತಿದೆ. ಆದ್ದರಿಂದ ಮಾರುಕಟ್ಟೆ ತಪ್ಪು, ನಾನು ಸರಿ. ಲಾಭದ ಅರ್ಧದಲ್ಲಿ ನನ್ನ ಹುಟ್ಟೂರು ಮಾಡದಕೆರೆಗೆ ಗ್ರಂಥಾಲಯ ಕಟ್ಟಿಸುವುದೆಂದು ನಿಶ್ಚಯಿಸಿದೆ. ಉದ್ಘಾಟನಾ ಭಾಷಣ ಅಂದೇ ಬರೆದೆ.

"ಗಿರಿಜಾ, ಇದು ಜೂಜಲ್ಲ. ಮಾನವಕುಲದ ಆರೋಗ್ಯದಲ್ಲಿ ನಮ್ಮದೊಂದು ಪಾಲು."

"ಯಾವ ಔಷಧಿ ಮಾಡ್ತಾರ್ರಿ ಅವ್ರು?"

"ಅದು ವಿವರ. ನಾವೀಗ ತತ್ವವನ್ನು ಚರ್ಚಿಸುತ್ತಿದ್ದೇವೆ."

ಅವಳು ಹಲ್ಲಿನಿಂದ ದಾರ ಕಡಿದಳು. "ನಿಮ್ಮತ್ರ ಮಾತಾಡಿ ಗೆದ್ದೋರು ಯಾರವ್ರೆ? ಏನಾರ ಮಾಡ್ಕಳ್ರಿ. ಮಳಿಗೆ ಹೊತ್ತಿಗೆ ನನ್ನ ದುಡ್ಡು ಬಂದ್ಬಿಡಬೇಕು, ಅಷ್ಟೇ."

ಎದುರಾಳಿ ಮಾತು ನಿಲ್ಲಿಸಿದರೆ ಗೆದ್ದಂತೆ ಎಂಬುದು ವೇದಿಕೆಯ ನಿಯಮ. ಸಂಸಾರಕ್ಕೂ ಅದೇ ನಿಯಮವೆಂದು ಭಾವಿಸಿ ಇದ್ದ ಹಣವನ್ನೆಲ್ಲ ಹಾಕಿದೆ.

ಪಕ್ಕದ ಮನೆಯ ಶಿವಣ್ಣನವರು ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುವವರು. ಕಾಂಪೌಂಡಿನಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಮೇಷ್ಟ್ರೇ, ನಾವು ಚೀಲದೊಳಗೆ ಕೈ ಹಾಕಿ, ನಾಕು ಅಡಿಕೆ ಕತ್ತರಿಸಿ ನೋಡದೆ ರೇಟು ಹೇಳಲ್ಲ. ನೀವು ಕಂಪನಿ ಒಳಗೆ ಏನೈತೆ ಅಂತ ನೋಡಿದ್ರಾ?"

"ಶಿವಣ್ಣನವರೇ, ಅಡಿಕೆ ವಸ್ತು. ಇದು ಚಿಂತನೆ."

"ಹಂಗಾದ್ರೆ ಕತ್ತರಿಸೋಕೆ ಬರಲ್ಲ ಬಿಡ್ರಿ," ಎಂದು ಅವರು ಒಳಗೆ ಹೋದರು.

ತಿಂಗಳೊಳಗೆ ಬೆಲೆ ಅರ್ಧಕ್ಕಿಳಿಯಿತು. ನಾನು ಕಂಗೆಡಲಿಲ್ಲ. ಪೂರ್ತಿ ಬೆಲೆಗೇ ಅಗ್ಗವಾಗಿದ್ದದ್ದು ಅರ್ಧ ಬೆಲೆಗೆ ಎರಡರಷ್ಟು ಅಗ್ಗ. ಪ್ರತಿ ಕುಸಿತವೂ ನನ್ನ ವಾದಕ್ಕೆ ಹೊಸ ಪುರಾವೆಯಾಯಿತು. ಬೈಕು ಮಾರಿ ಇನ್ನಷ್ಟು ಷೇರು ಕೊಂಡೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ಗಿರಿಜಾಗೆ ವಿವರಿಸಿದೆ. ಅವಳು ಮಾಸ್ಕ್ ಹೊಲಿಯುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಶಿವಣ್ಣನವರು ತಮ್ಮ ಎಮ್ಮೆಯ ಕಾಲ ಬಳಿ ಕೂತು ಕೂಗಿದರು. "ಮೇಷ್ಟ್ರೇ, ಆ ಕಟ್ಟೆ ಮೇಲಿನ ಟ್ಯೂಬು ಸ್ವಲ್ಪ ಕೊಡ್ರಿ. ಕೆಚ್ಚಲು ಬಾತೈತೆ."

ಕೊಟ್ಟೆ. ಕೊಡುವಾಗ ಓದಿದೆ. ಓದಬಾರದಿತ್ತು. ಮುಲಾಮಿನ ಮೇಲೆ ನನ್ನ ಕಂಪನಿಯ ಹೆಸರಿತ್ತು, ಪಕ್ಕದಲ್ಲಿ ಒಂದು ಹಸುವಿನ ಚಿತ್ರವಿತ್ತು. ಮನೆಗೆ ಓಡಿ ಫೋನಿನಲ್ಲಿ ಹುಡುಕಿದೆ. ಕಂಪನಿ ಹುಟ್ಟಿದಾಗಿನಿಂದ ತಯಾರಿಸಿದ್ದು ಎರಡೇ: ಕೆಚ್ಚಲಿನ ಮುಲಾಮು, ಕುರಿಗಳ ಜಂತುಹುಳದ ಔಷಧ.

ಮರಳಿ ಬಂದು, "ಎಮ್ಮೆಯೂ ಜೀವಿಯೇ ಅಲ್ಲವೇ ಶಿವಣ್ಣನವರೇ?" ಎಂದೆ.

"ಹೌದು ಮೇಷ್ಟ್ರೇ. ಆದ್ರೆ ಎಮ್ಮೆಗೆ ಕೊರೊನಾ ಬಂದಿಲ್ವಲ್ಲ."

ಮನೆಗೆ ಬಂದು ಮತ್ತೆ ಫೋನು ತೆಗೆದೆ.

ಮಾರಲು ಹೊರಟೆ. ಮಾರುವವರು ಬಹಳ, ಕೊಳ್ಳುವವರು ಒಬ್ಬರೂ ಇಲ್ಲ. ದಿನವೂ ಫೋನಿನಲ್ಲಿ ಆರ್ಡರ್ ಹಾಕುವುದು, ಸಂಜೆ ಅದು ತಾನಾಗಿ ರದ್ದಾಗುವುದು. ಅಷ್ಟರಲ್ಲಿ ಊರು ತೆರೆಯಿತು. ಮಳಿಗೆಯ ಮಾಲೀಕರು ಎರಡು ವಾರ ಕಾದರು. ಆಮೇಲೆ ಮೊಬೈಲ್ ಕವರ್ ಮಾರುವವನಿಗೆ ಕೊಟ್ಟರು.

ಅಂದು ಗಿರಿಜಾ ಬಸ್ ನಿಲ್ದಾಣದವರೆಗೆ ಹೋಗಿ, ಮಳಿಗೆಯನ್ನು ಹೊರಗಿನಿಂದ ನೋಡಿ ಬಂದಳು. ಬಯ್ಯುತ್ತಾಳೆಂದು ನಾನು ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೆ. ಅವಳು ಕೈಕಾಲು ತೊಳೆದು ಬಂದು ಕಪಾಟಿನಿಂದ ನನ್ನ ಕಪ್ಪುಗಳನ್ನು ಒಂದೊಂದಾಗಿ ಇಳಿಸಿ, ಒರೆಸಿ, ಯಂತ್ರದ ಪಕ್ಕ ಜೋಡಿಸಿಕೊಂಡಳು. ಗುಂಡಿ, ಹುಕ್ಕು, ದಾರದ ಉಂಡೆ ಎಲ್ಲವೂ ಒಂದೊಂದು ಕಪ್ಪಿನೊಳಗೆ ಸೇರಿದವು.

ಮಳಿಗೆ ಇನ್ನೂ ಸಿಕ್ಕಿಲ್ಲ. ನಡುಮನೆಯೇ ಅಂಗಡಿ. ಶಾಲೆ ಬಿಟ್ಟ ಮೇಲೆ ರವಿಕೆಗಳಿಗೆ ಹುಕ್ಕು ಹಚ್ಚುವುದು ನನ್ನ ಪಾಲಿನ ಕೆಲಸ. ಮೊನ್ನೆ ಧೈರ್ಯ ಮಾಡಿ ಆರಂಭಿಸಿದೆ. "ಗಿರಿಜಾ, ತಾತ್ವಿಕವಾಗಿ ನೋಡಿದರೆ ನನ್ನ ನಿಲುವು..."

ಅವಳು ಯಂತ್ರ ನಿಲ್ಲಿಸದೆಯೇ ಕೇಳಿದಳು. "ನೀಲಿ ಗುಂಡಿ ಎಲ್ಲಿಟ್ರಿ?"

"ಅಂತರ ಕಾಲೇಜು, ಪ್ರಥಮ ಬಹುಮಾನ," ಎಂದೆ. ಎದ್ದು ಆ ಕಪ್ಪನ್ನು ತಂದುಕೊಟ್ಟೆ.