ಬೇಲಿಯಾಚೆಯ ಬರ್ಗೆನ್

ಹಾಲ್ವರ್‌ನನ್ನು ಸರಕಿನಂತೆ ತೂಗಿದರೆ ಹೀಗೆ: ವಯಸ್ಸು ಐವತ್ತೆರಡು, ಕಟ್ಟು ಗಟ್ಟಿ, ಬಳಕೆ ಕಡಿಮೆ, ಹೆಂಡತಿ ಬಿಟ್ಟುಹೋದ ಜಾಗದಲ್ಲಿ ತುಸು ತುಕ್ಕು. ಎರಡು ವಾರ ಕರಾವಳಿ ಹಡಗಿನಲ್ಲಿ ಅಡುಗೆ, ಎರಡು ವಾರ ಮನೆಯಲ್ಲಿ ಮೌನ. ತೂಗಿದ ನಾನೂ ಹೊಸ ಮಾಲೇನಲ್ಲ, ಕಪಾಟಿನಲ್ಲೇ ಉಳಿದುಬಿಟ್ಟವಳು.

ಈ ವಸಂತದಲ್ಲಿ ಪಕ್ಕದ ಮನೆಗೆ ವಾಸಕ್ಕೆ ಬಂದ ಅವನು ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದು ಇಪ್ಪತ್ತು ಮೀಟರ್ ತಂತಿ ಕೇಳಿದ. ಬಗಲಲ್ಲಿ ಬುತ್ತಿ ಡಬ್ಬಿ. ಒಳಗೆ ಬ್ರೆಡ್ಡೂ ಇಲ್ಲ, ಕಂದು ಚೀಸೂ ಇಲ್ಲ. ತಾನೇ ಬೆಸುಗೆ ಹಾಕಿ ಮಾಡಿದ ರೇಡಿಯೋ.

"ಅರ್ಧ ವ್ಯಾಟ್, ಗುನ್ವೋರ್. ಟಾರ್ಚ್ ಬಲ್ಬಿಗೂ ಸಾಲಲ್ಲ. ಈ ರಜೆಯಲ್ಲಿ ಇದರಲ್ಲೇ ಜಪಾನ್ ಮುಟ್ಟದಿದ್ರೆ ನನ್ನ ಹೆಸರು ಹಾಲ್ವರ್ ಅಲ್ಲ."

"ಆಮೇಲೆ ಏನಂತ ಕರೀಬೇಕು, ಈಗಲೇ ಹೇಳಿಬಿಡು ಮಾರಾಯ."

ತಂತಿ ಆಂಟೆನಾ ಆಗಿ ಅವನ ಅಂಗಳದ ಧ್ವಜಸ್ತಂಭ ಏರಿತು. ಸಂಜೆ ಆರಕ್ಕೆ ಮೋರ್ಸ್ ಸಂಕೇತದ ಟಿಕ್‌ಟಿಕ್ ಶುರು. ಮೂವತ್ತು ವರ್ಷದ ಹಿಂದೆ ಸರಕು ಹಡಗಿನಲ್ಲಿ ರೇಡಿಯೋ ನೋಡಿಕೊಂಡವಳು ನಾನು. ಹಳೆಯ ಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದೆ. ಹನ್ನೊಂದು ವರ್ಷದಿಂದ ಅದರಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿದೆ.

ಬೇಲಿಯಾಚೆ ಕೂತವನ ದನಿ ಸೊಳ್ಳೆಯಷ್ಟು! ಕೂಡಲೇ ಗೊತ್ತಾಯಿತು. ಪರೀಕ್ಷೆಗೆಂದು ಆಂಟೆನಾ ಬದಲು ಜೋಡಿಸುವ ಡಮ್ಮಿ ಎಂಬ ಪುಟ್ಟ ತುಂಡೊಂದಿದೆ. ವಿದ್ಯುತ್ತನ್ನೆಲ್ಲ ತಾನೇ ನುಂಗಿ ಬಿಸಿಯಾಗುತ್ತದೆ, ಬೇಲಿ ದಾಟುವಷ್ಟು ಹೊರಗೆ ಬಿಟ್ಟರೆ ಅದೇ ಹೆಚ್ಚು. ಡಬ್ಬಿಯ ಗುಂಡಿಯನ್ನು ಡಮ್ಮಿಯಿಂದ ಆಂಟೆನಾ ಕಡೆಗೆ ತಿರುಗಿಸಲು ಮಹಾಶಯ ಮರೆತಿದ್ದ.

ಹೋಗಿ ಹೇಳಬೇಕಾದ್ದು ಒಂದೇ ಮಾತು. ಹೇಳಲಿಲ್ಲ. ಮೋರ್ಸ್‌ನಲ್ಲೇ ಉತ್ತರ ಕೊಟ್ಟೆ; ನನ್ನ ಹಳೆಯ ರೇಡಿಯೋ ಗುರುತಿನ ಸಂಕೇತ ಕೊಟ್ಟೆ, ಹೆಸರು ಕೊಡಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ. "ಬರ್ಗೆನ್ ಸಿಕ್ತು! ಸಾವಿರ ಕಿಲೋಮೀಟರ್!" ಅವನ ಬಳಿಯಿದ್ದ ರೇಡಿಯೋದವರ ಹಳೆಯ ಪಟ್ಟಿಯಲ್ಲಿ ನನ್ನ ಸಂಕೇತದ ಮುಂದೆ ನನ್ನ ಹಳೆಯ ಊರಷ್ಟೇ ಇತ್ತು.

"ಆಸಾಮಿ ಹೇಗೆ?"

"ಯಾರೋ ಮುದುಕ. ಕೈ ಬಲು ನಿಧಾನ. ಪಾಪ, ಮಾತಾಡೋಕೆ ಯಾರೂ ಇಲ್ಲ ಅನ್ಸುತ್ತೆ."

ಮೂರು ಸಂಜೆ ಹೆರಿಂಗ್ ಮೀನು, ಅವನ ಮೊಣಕಾಲು, ಹೋದ ಹೆಂಡತಿ ಎಲ್ಲ ಮಾತಾಡಿದೆವು. ಗುಂಡಿ ಡಮ್ಮಿಯ ಕಡೆಗಿರುವ ತನಕ ಅವನಿಗೆ ಬೇರೆ ಯಾರೂ ಕೇಳಿಸುವಂತಿರಲಿಲ್ಲ, ಬೇರೆ ಯಾರಿಗೂ ಅವನು ಕೇಳಿಸುವಂತಿರಲಿಲ್ಲ. ಎದುರು ಅಂಗಡಿಯೇ ಇಲ್ಲದ ವ್ಯಾಪಾರ.

ನಾಲ್ಕನೆಯ ದಿನ ಡಬ್ಬಿಯನ್ನು ನನ್ನ ಕೌಂಟರಿನ ಮೇಲೆ ಕುಕ್ಕಿದ. "ನಾಳಿದ್ದು ಹಡಗು ಹತ್ತಬೇಕು. ಆ ಮುದುಕನ್ನ ಬಿಟ್ರೆ ಒಂದು ನರಪಿಳ್ಳೆಯೂ ಉತ್ತರ ಕೊಡ್ಲಿಲ್ಲ. ಇದನ್ನ ನಿಮ್ಮ ಕಸದ ಬುಟ್ಟಿಗೆ ಹಾಕಿ."

ಬುಟ್ಟಿ ಕಾಲ ಬಳಿಯೇ ಇತ್ತು. "ಮೊದಲು ಗುಂಡಿ ನೋಡು," ಎಂದೆ.

ನೋಡಿದ. ಕಿವಿ ಕೆಂಪಾಯಿತು. "ಹಾಗಾದ್ರೆ ಬರ್ಗೆನ್?"

"ಬೇಲಿಯಾಚೆ. ಗುಂಡಿಯ ವಿಷಯ ನನಗೆ ಮೊದಲ ದಿನದಿಂದಲೂ ಗೊತ್ತಿತ್ತು."

ಡಬ್ಬಿ ಎತ್ತಿಕೊಂಡು ಹೊರಟುಹೋದ. ಅವನಿಗೆಂದು ಬಗ್ಗಿಸಿದ ಕಾಫಿ ತಣ್ಣಗಾಯಿತು.

ಆ ಸಂಜೆ ಅವನ ದನಿ ಗುಡುಗಿನಂತೆ ಬಂತು. ಅದರ ಹಿಂದೆಯೇ, ಕ್ಷೀಣವಾಗಿ, ಜಪಾನ್. ನನ್ನನ್ನು ಯಾರೂ ಕರೆಯಲಿಲ್ಲ. ಹೆಡ್‌ಫೋನ್ ತೆಗೆದಿಟ್ಟೆ.

ಬೆಳಿಗ್ಗೆ ಬಂದ. "ಜಪಾನ್ ಸಿಕ್ತು."

"ಕೇಳಿಸ್ತು."

"ಸಂಕೇತ ಹೇಳಿದ್ರು, ಒಳ್ಳೇದಾಗ್ಲಿ ಅಂದ್ರು, ಹೋದ್ರು. ಒಂದು ನಿಮಿಷ." ತಣ್ಣನೆಯ ಕಾಫಿಯಾದರೂ ಇದೆಯೇ ಎಂಬಂತೆ ಕೆಟಲಿನತ್ತ ನೋಡಿದ. "ಇವತ್ತು ಆರಕ್ಕೆ ಗುಂಡಿ ಮತ್ತೆ ಡಮ್ಮಿ ಕಡೆಗೇ ತಿರುಗಿಸ್ತೀನಿ. ನನ್ನ ಮೊಣಕಾಲಿನ ವಿಷಯ ಜಪಾನಿನವರಿಗೆ ಯಾಕೆ? ಆ ಮುದುಕನಿಗೆ ತಿಳಿಸಿಬಿಡಿ."

ಹಾಲ್ವರ್‌ನ ರಜೆಯಿಂದ ನಾನು ಕದ್ದ ಮೂರು ಸಂಜೆ ನನ್ನ ಲೆಕ್ಕದಲ್ಲಿ ಬಾಕಿ ಇವೆ.