ಚಾರ್ಟಿನ ಕೆಳಗ ಊರಿನ ಹೆಸರು

ಚಾರ್ಟಿನ ಕೆಳಗ ಊರಿನ ಹೆಸರು ಹಾಕೂದು ಏನು ಮಹಾ ಕೆಲಸ ಅಂತೀರಿ? ನಮ್ಮ ಆಫೀಸಿಗೆ ಬಂದು ನೋಡ್ರಿ, ತಿಂಗಳಿಗೊಂದು ರಾಮಾಯಣ. ಹನಿ ನೀರಾವರಿ ಪೈಪ್ ಮಾರೋ ಕಂಪನಿ ನಮ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಊರಿಗೊಬ್ಬ ಏಜೆಂಟ. ನಾನು ಮುದ್ದೇಬಿಹಾಳದ ಆಫೀಸಿನಾಗ ಕಂಪ್ಯೂಟರ್ ಆಪರೇಟರ್, ಇನ್ನೂ ಕಾಯಂ ಆಗಿರಲಿಲ್ಲ. "ಮಾಲಕರು ಬಂದಾಗ ಚಾರ್ಟ್ ಸರಿ ಕಂಡ್ರ ಕಾಯಂ, ಇಲ್ಲಂದ್ರ ಮನೀಗೆ" ಅಂತ ಮ್ಯಾನೇಜರ್ ಸಾಹೇಬರು ಹೇಳಿಬಿಟ್ಟಿದ್ರು. ಆ ಮನಿಷ್ಯಾಗ ಚಾರ್ಟು ಅಂದ್ರ ರಂಗೋಲಿ. ಬಣ್ಣ ಚಂದ ಇದ್ರ ಆತು.

ಮುಳುಗಡೆ

ಬಸವನ ಬಾಗೇವಾಡಿ ಅನ್ನೋ ಹೆಸರು ಉದ್ದ. ಜಾಗ ಸಾಲಲಿಲ್ಲ ಅಂತ ಕಂಪ್ಯೂಟರ್ ಒಂದು ಬಿಟ್ಟು ಒಂದು ಹೆಸರು ನುಂಗಿತು. ಚಾರ್ಟಿನಾಗ ಊರಿಗೊಂದರಂಗ ಕಂಬ ನಾಲ್ಕು, ಕೆಳಗ ಹೆಸರು ಎರಡ: ಇಂಡಿ, ಮುದ್ದೇಬಿಹಾಳ. ಸರಿ ಮಾಡ್ತೇನಿ ಅನ್ನೂದ್ರಾಗ ಸಾಹೇಬರು ಏಜೆಂಟರ ವಾಟ್ಸಾಪ್ ಗ್ರೂಪಿಗೆ ಹಾಕೇಬಿಟ್ರು. ಸಿಂದಗಿ ಏಜೆಂಟ ಫೋನಿನ್ಯಾಗ ಹರಿಹಾಯ್ದ: "ಡ್ಯಾಮಿನ ಹಿನ್ನೀರಾಗ ಕೊಲ್ಹಾರ ಮುಳುಗಿದ್ದು ಗೊತ್ತೈತಿ, ಸಿಂದಗಿ ಯಾವಾಗ ಮುಳುಗಿತ್ರಿ?"

ನಮ್ಮ ಸಾಹೇಬರು ಗಾಬರಿಯಾಗಿ, "ತಡೀರಿ, ವಿಚಾರಿಸಿ ಹೇಳ್ತೇನಿ" ಅಂದ್ರು.

ಹೊಸಾ ಬ್ರಾಂಚ್

ಆಮ್ಯಾಲ ಹೆಸರು ಕನ್ನಡದಾಗ ಬೇಕು ಅಂದ್ರು. 'ನುಡಿ' ಅನ್ನೋ ಹಳೇ ಕನ್ನಡ ಫಾಂಟಿನಾಗ ಟೈಪ್ ಮಾಡಿಕೊಟ್ಟೆ. ಸಾಹೇಬರ ಲ್ಯಾಪ್‌ಟಾಪಿನಾಗ ಆ ಫಾಂಟ್ ಇರಲಿಲ್ಲ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ ಕಲಸಿಟ್ಟಂಗ ಕಂಡ್ವು. ಇಂಡಿ ಇದ್ದಲ್ಲೆ ಇ, ಎ, ಆರ್. ನನ್ನ ಕೇಳಿದ್ರ ಮರ್ಯಾದಿ ಹೋಗ್ತಿತ್ತೇನೋ! ಸೀದಾ ಹೆಡ್ ಆಫೀಸಿಗೆ ಫೋನ್ ಹಚ್ಚಿದ್ರು: "ಇ.ಎ.ಆರ್. ಅಂತ ಹೊಸಾ ಬ್ರಾಂಚ್ ತಗದೀರಿ, ನಮಗ ಒಂದು ಮಾತು ಹೇಳಬಾರದೇನ್ರಿ?"

ಫಸ್ಟ್ ನಂಬರ್

ಮಾಲಕರು ಬರೋ ದಿನ ಬಂತು. ಎರಡು ಚಾರ್ಟ್ ಮಾಡಿಟ್ಟಿದ್ದೆ. ಒಂದು ಮಾರಾಟದ್ದು, ಇನ್ನೊಂದು ರೈತರ ದೂರಿಂದು.

"ನಾಲ್ಕು ಊರು ಮಾಲಕರಿಗೆ ಗೊತ್ತಿಲ್ಲೇನವಾ? ಆ ಹೆಸರು ಅಳಿಸು" ಅಂದ್ರು ಸಾಹೇಬರು. "ಮ್ಯಾಲಿನ ಹೆಡ್ಡಿಂಗೂ ತಗಿ. ದೂರು ಅನ್ನೂದು ಕಂಡ್ರ ಅಪಶಕುನ."

"ಯಾವ ಚಾರ್ಟ್ ಯಾವುದು ಅಂತ ತಿಳಿಯಂಗಿಲ್ರಿ ಸರ್."

"ನನಗ ತಿಳೀತೈತಿ!"

ಕೆಲಸ ಹೋತು ಅಂತ ತಿಳಕೊಂಡೇ ಅಳಿಸಿದೆ. ಹೆಸರು ಅಳಿಸಿದ್ರ ಕಂಪ್ಯೂಟರ್ ಸುಮ್ಮನ ಕೂಡ್ರಂಗಿಲ್ಲ, ಆ ಜಾಗಾದಾಗ ತಾನ ಒಂದು, ಎರಡು, ಮೂರು, ನಾಲ್ಕು ಅಂತ ಹಾಕೋತೈತಿ.

ಏಜೆಂಟರೆಲ್ಲಾ ಕೂಡಿದ ಮೀಟಿಂಗಿನ್ಯಾಗ ಸಾಹೇಬರು ಮಾರಾಟದ್ದು ಅಂತ ತಿಳಕೊಂಡು ತಗದಿದ್ದು ದೂರಿನ ಚಾರ್ಟು! ಮೊದಲನೇ ಕಂಬ ಇಂಡಿದು, ಎಲ್ಲಾಕ್ಕಿಂತ ಎತ್ತರ. "ನೋಡ್ರಿ, ನಂಬರ್ ಸುದ್ದಾ ಬಂದೈತಿ. ಇಂಡಿ ಫಸ್ಟ್!" ಅಂತ ಇಂಡಿ ಏಜೆಂಟಗ ಶಾಲು ಹೊದಿಸಿದ್ರು. ಮಂದಿ ಚಪ್ಪಾಳಿ ಹೊಡದ್ರು.

ಮಾಲಕರು ನನ್ನ ಕಡೆ ಬಗ್ಗಿ, "ಇದು ಯಾತರ ಚಾರ್ಟವಾ?" ಅಂತ ಕೇಳಿದ್ರು.

"ರೈತರು ಕೊಟ್ಟ ದೂರಿಂದ್ರಿ. ಹೆಸರು ಹಾಕಿದ್ದೆ, ಸಾಹೇಬರು ಅಳಿಸಾಕ ಹಚ್ಚಿದ್ರು."

ಅವರು ಹಣಿ ಹಣಿ ಬಡಕೊಂಡು, "ನಾಳಿಂದ ನೀ ಕಾಯಂ. ಇಂವಾ ಏನ್ ಅಳಿಸು ಅಂದ್ರೂ ಅಳಿಸಬ್ಯಾಡ" ಅಂದ್ರು.

ಅಷ್ಟರಾಗ ಶಾಲು ಹೊದ್ದ ಏಜೆಂಟ ಮೈಕ್ ಹಿಡಿದು, ಕೈಮುಗಿದು ಒದರಿದ: "ಇದೇನೂ ಅಲ್ರಿ ಮಾಲಕರ! ನಿಮ್ಮ ಆಶೀರ್ವಾದ ಇದ್ರ ಬರೋ ವರ್ಷ ಡಬಲ್ ಮಾಡಿ ತೋರಸ್ತೇನಿ!"