ಭಾಂಡೆ ಅಂಗಡಿಗೆ ಮೀನು ತಿನ್ನದ ಕಂಪ್ಯೂಟರ್

ಕಂಪ್ಯೂಟರ್ ಕೊಂಡ ಮೇಲೆ ಅದಕ್ಕೆ ಜೀವ ತುಂಬುವ ತಂತ್ರಾಂಶಕ್ಕೆ ಬೇರೆ ರೊಕ್ಕ ಕೊಡಬೇಕೆಂಬ ಮಾತು ಕೇಳಿದಾಗಿನಿಂದ ಹುಕ್ಕೇರಿಯಲ್ಲಿ ಪಾತ್ರೆ-ಭಾಂಡೆ ಮಾರುವ ವ್ಯಾಪಾರಿ ಬಾಪುಸಾಹೇಬರ ಪಿತ್ತ ನೆತ್ತಿಗೇರಿತ್ತು. ಹೋದ ವರ್ಷ ಲೆಕ್ಕ ತಪ್ಪಿ ಒಂದೇ ಹಂಡೆಯನ್ನು ಲಗ್ನದ ಮನೆಯ ಇಬ್ಬರು ಬೀಗರಿಗೆ ಮಾರಿ ಇಬ್ಬರಿಂದಲೂ ಬೈಸಿಕೊಂಡಿದ್ದರು. ಅದಕ್ಕೇ ಈ ಸಲ, ಅಂದರೆ ಎರಡು ಸಾವಿರದ ಮೂರರಲ್ಲಿ, ಲಗ್ನಗಳ ಹಂಗಾಮು ಬರುವ ಮೊದಲೇ ಗೋಕಾಕದಿಂದ ಯಂತ್ರ ತರಿಸಿದ್ದರು.

"ವಿಂಡೋಸ್ ಅಂದ್ರ ಕಿಡಕಿ ಹೌದಲ್ಲೊ? ನಮ್ಮ ಮನ್ಯಾಗ ಆರು ಕಿಡಕಿ ಅದಾವ. ಗಾಳಿ ಬರ್ತೈತಿ, ಬೆಳಕ ಬರ್ತೈತಿ. ಇದರಾಗೇನ ಬರ್ತೈತಿ?" ಎಂದು ಹೆಂಡತಿಯ ತಮ್ಮ ರಾವಸಾಹೇಬನ ಮೇಲೆ ಹರಿಹಾಯ್ದರು. ಅವನು ಗೋಕಾಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು (ತಪ್ಪೆಲ್ಲ ಅವನದೇ ಎಂಬುದು ಬಾಪುಸಾಹೇಬರ ಮತ).

"ಪುಗಸಟ್ಟೆ ಸಿಗೂವೂ ಅದಾವ್ರಿ ದಾಜಿ. ಯುನಿಕ್ಸ್ ಅಂತ ಒಂದ ದೊಡ್ಡ ಮನೆತನ. ಅದರ ರೀತಿಲೇ ಕಟ್ಟಿದ್ದು ಫ್ರೀಬಿಎಸ್‌ಡಿ ಒಂದು, ಲಿನಕ್ಸ್ ಒಂದು," ಎಂದ ರಾವಸಾಹೇಬ ಭಾವನಿಗೆ.

ಮುಂದಿನ ರವಿವಾರ ಎರಡೂ ಸೀಡಿ ರೊಕ್ಕದ ಗಲ್ಲೆಯ ಮೇಲೆ ಬಂದು ಕೂತವು. ಬಸದಿಯಿಂದ ಬಂದ ಅವರ ಹೆಂಡತಿ ಪದ್ಮವ್ವ ಫ್ರೀಬಿಎಸ್‌ಡಿ ಸೀಡಿಯ ಮೇಲಿನ ಚಿತ್ರ ನೋಡಿ ಹೌಹಾರಿದಳು.

"ಅಯ್ಯ! ತಲಿಮ್ಯಾಲ ಕೋಡು, ಹಿಂದ ಬಾಲ, ಕೈಯಾಗ ಭರ್ಚಿ! ಲಗ್ನದ ಭಾಂಡೆ ಒಯ್ಯಾಕ ಬಂದವರಿಗೆ ದೆವ್ವದ ದರ್ಶನ ಮಾಡಸ್ತೀರೇನ?"

"ದೆವ್ವಾದ್ರೇನ, ರೊಕ್ಕಾ ಕೇಳೂದಿಲ್ಲಲ್ಲ!" ಎಂದರು ಬಾಪುಸಾಹೇಬರು. ಹೆಂಡತಿ ತಿರುಗಿ ನೋಡಿದ್ದರಿಂದ ಪೆಂಗ್ವಿನ್ ಚಿತ್ರವಿದ್ದ ಎರಡನೆಯ ಸೀಡಿ ಕೈಗೆತ್ತಿಕೊಂಡರು. "ಬ್ಯಾಡಂದ್ರ ಈ ಲಿನಕ್ಸ್ ನೋಡ. ಎಂಥಾ ಸಂಭಾವಿತ ಪಕ್ಷಿ! ಕರಿ ಕೋಟ ಹಾಕ್ಕೊಂಡ ವಕೀಲರ ಗತೆ ಕುಂತೈತಿ."

"ಏನ ತಿಂತೈತಿ ಇದು?"

ಬಾಪುಸಾಹೇಬರು ಭಾವಮೈದುನನಿಗೆ ಕಣ್ಸನ್ನೆ ಮಾಡಿದರು. ಮಾಸ್ತರಿಕೆಯ ಚಟ, ರಾವಸಾಹೇಬ ಖರೇನೇ ಹೇಳಿಬಿಟ್ಟ. "ಮೀನಾ."

"ಜೈನರ ಅಂಗಡ್ಯಾಗ ಮೀನಾ ತಿನ್ನೂ ಹಕ್ಕಿ!"

"ಕಂಪ್ಯೂಟರಿಗೂ ಚಾತುರ್ಮಾಸ ಹಿಡಸ್ತೀಯೇನ?" ಬಾಪುಸಾಹೇಬರು ಚೀರಿದರು.

ಪದ್ಮವ್ವ ತಮ್ಮನ ಕಡೆ ತಿರುಗಿದಳು. "ಆ ದೆವ್ವ ಏನ ತಿಂತೈತಿ?"

"ಏನೂ ತಿನ್ನೂದಿಲ್ಲಕ್ಕಾ."

"ಹಂಗಾರ ಅದನ್ನ ಹಾಕು."

"ಈ ಅಂಗಡ್ಯಾಗ ನನಗೇನರ ಕಿಮ್ಮತ್ತ ಐತೇನ? ನೀವ ಅಕ್ಕ ತಮ್ಮ ಕುಂತು ಏನ ಬೇಕಾದ್ದ ಹಾಕ್ಕೋರಿ!" ಎಂದು ಬಾಪುಸಾಹೇಬರು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನಡೆದರು. ಕೂತವರಿಗೆಲ್ಲ ಈ ಘೋರ ಅನ್ಯಾಯವನ್ನು ಚಹಾ ಕುಡಿಸಿ ವರ್ಣಿಸಿದರು.

ಸಂಜೆ ಮರಳಿದಾಗ ಯಂತ್ರ ನಡೆಯುತ್ತಿತ್ತು. ಬೆಲ್ಲದ ಬಾಗೇವಾಡಿ ಊರಿನ ಬೀಗರೊಬ್ಬರು ಅಚ್ಚಾದ ಬಿಲ್ಲನ್ನು ಮಡಚಿ ಜೇಬಿಗಿಡುತ್ತಿದ್ದರು. ಬಾಪುಸಾಹೇಬರು ಒಳಗೊಳಗೇ ಹಿಗ್ಗಿದರೂ ಮುಖ ಗಂಟಿಕ್ಕಿಯೇ ಕೂತು, ರಾವಸಾಹೇಬ ಬರೆದಿಟ್ಟ ಚೀಟಿ ನೋಡಿ ಯಂತ್ರ ಬಂದ್ ಮಾಡುವ ಶಬ್ದವನ್ನು ಕೀಲಿಮಣೆಯಲ್ಲಿ ಹೊಡೆದರು. ಪರದೆಯ ಮೇಲೆ ಒಂದು ಇಂಗ್ಲಿಷ್ ಸಾಲು ಬಂತು.

"ಏ ರಾವಸಾಹೇಬಾ! ನನಗ ಅಪ್ಪಣಿ ಇಲ್ಲ ಅಂತೈತಲ್ಲೋ ಇದು!"

"ಹೌದ್ರಿ ದಾಜಿ. ಇದರಾಗ ಎಲ್ಲಾ ಅಧಿಕಾರ ಒಬ್ಬರಿಗೇ. ಹಾಕೂ ಮುಂದ ಯಜಮಾನರ ಪಾಸ್‌ವರ್ಡ್ ಕೇಳ್ತು. ನೀವ ಎದ್ದ ಹೋಗಿದ್ರಿ, ಅಕ್ಕ ತನ್ನ ಗುಟ್ಟಿನ ಶಬ್ದ ಹೊಡದ್ಲು."

"ಮತ್ತ ನಾ ಯಾರೋ?"

"ನಿಮ್ಮ ಹೆಸರೂ ಹಾಕೇನ್ರಿ. ಬಿಲ್ ನೋಡಬಹುದು. ಬಂದ್ ಮಾಡಾಕ ಬರೂದಿಲ್ಲ."

"ವಾಯರ್ ಕಿತ್ತ ಒಗೀತೇನಿ!"

"ಬರದದ್ದೆಲ್ಲಾ ಕೆಟ್ಟೀತ್ರಿ."

ಬಾಪುಸಾಹೇಬರು ಅಂಗಡಿಯ ಹಿಂದಿನ ಅಡಿಗೆಮನೆಯ ಬಾಗಿಲಿಗೆ ಬಂದರು. "ಆ ಪಾಸ್‌ವರ್ಡ್ ಹೇಳ. ಅಂಗಡಿ ಬಂದ್ ಮಾಡಬೇಕಾಗೈತಿ."

ರೊಟ್ಟಿ ಬಡಿಯುತ್ತಿದ್ದ ಪದ್ಮವ್ವ ತಲೆ ಎತ್ತಲಿಲ್ಲ. "ಹೇಳಿದ್ರ ಗುಟ್ಟ ಹೆಂಗಾಗತೈತಿ? ರೊಟ್ಟಿ ಮುಗೀಲಿ, ಬರ್ತೇನಿ. ಅಲ್ಲೀಮಟ ಅಂಗಡಿ ಕಾಯ್ರಿ."

ಬಾಪುಸಾಹೇಬರು ಹೋಗಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಯಜಮಾನರ ಗಾದಿಯ ಮೇಲೆ ಕೂರಲು ಅಪ್ಪಣೆ ಇದೆಯೋ ಇಲ್ಲವೋ, ಖಾತ್ರಿ ಇರಲಿಲ್ಲ.